ಐದು ಗುಂಡಿಯ ಲೆಕ್ಕ, ಹತ್ತು ತಿಂಗಳ ದುಡಿಮೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಬೈಕಿಗೋ ಆಟೋಗೋ ಸಾಲ ಮಾಡುವವರು ಮೊದಲು ಕೇಳುವುದು ಕಂತೆಷ್ಟು ಎಂದು. ಬಡ್ಡಿಯ ಮಾತು ಆಮೇಲೆ. ‘ಶೇ. 12, ಫ್ಲ್ಯಾಟ್’ ಎಂದರೆ ಅಗ್ಗವೆಂದೇ ತೋರುತ್ತದೆ. ಒಂದು ಲಕ್ಷ ಸಾಲ, ಮೂರು ವರ್ಷ, ಬಡ್ಡಿ 36,000. ತಿಂಗಳ ಕಂತು 3,778 ರೂಪಾಯಿ.

ಇದನ್ನೇ ಬಿಎ-2 ಪ್ಲಸ್ ಎಂಬ ಹಣಕಾಸು ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಬೇಕು. ಕಂತುಗಳ ಸಂಖ್ಯೆಯಾದ ಎನ್‌ಗೆ 36, ಸಾಲದ ಮೊತ್ತವಾದ ಪಿವಿಗೆ 1,00,000, ಕಂತಾದ ಪಿಎಂಟಿಗೆ ಮೈನಸ್ 3,778, ಕೊನೆಗೆ ಉಳಿಯುವ ಮೊತ್ತವಾದ ಎಫ್‌ವಿಗೆ ಸೊನ್ನೆ. ವರ್ಷಕ್ಕೆ ಹನ್ನೆರಡು ಕಂತೆಂದು ಪಿ/ವೈಯಲ್ಲಿ 12. ವಾರ್ಷಿಕ ಬಡ್ಡಿದರವಾದ ಐ/ವೈ ಕೇಳಿದರೆ ಬರುವ ಉತ್ತರ ಸುಮಾರು 21.2! ಅಸಲು-ಬಡ್ಡಿ ಬಿಡಿಸಿ ತೋರಿಸುವ ಅಮಾರ್ಟ್ ವರ್ಕ್‌ಶೀಟ್ ತೆರೆದರೆ ಕಾರಣವೂ ಕಾಣುತ್ತದೆ: ಮೂವತ್ತನೇ ಕಂತು ಕಟ್ಟಿದ ಮೇಲೆ ಉಳಿಯುವ ಅಸಲು 21,300ರ ಆಸುಪಾಸು. ಫ್ಲ್ಯಾಟ್ ಲೆಕ್ಕದಲ್ಲಿ ಆಗಲೂ ಬಡ್ಡಿ ಪೂರ್ತಿ ಲಕ್ಷದ ಮೇಲೆಯೇ. ಈ ಐದು ಗುಂಡಿಗಳಲ್ಲಿ ನಾಲ್ಕರ ಅಂಕಿ ಗೊತ್ತಿದ್ದರೆ ಐದನೆಯದನ್ನು ಅಡಗಿಸಿಡಲು ಯಾರಿಗೂ ಆಗದು. ಈ ಯಂತ್ರದ ದೊಡ್ಡ ಗುಣ ಇದೇ.

ದೋಷ ಇರುವುದು ಅದರ ನೆನಪಿನಲ್ಲಿ. ಆಫ್ ಮಾಡಿದರೂ ಹಳೆಯ ಅಂಕಿಗಳು ಹೋಗುವುದಿಲ್ಲ. ಸಿಇ/ಸಿ ಒತ್ತಿದರೆ ಪರದೆಯಷ್ಟೇ ಖಾಲಿ. ನಿನ್ನೆಯ ಆರ್‌ಡಿ ಲೆಕ್ಕದ ಎಫ್‌ವಿ ಇಂದಿನ ಸಾಲದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಸೆಕೆಂಡ್ ಒತ್ತಿ ಕ್ಲಿಯರ್ ಟಿವಿಎಂ ಕೊಟ್ಟರೆ ಐದೂ ಸೊನ್ನೆಯಾಗುತ್ತವೆ, ಪಿ/ವೈ ಮಾತ್ರ ಇದ್ದಂತೆಯೇ ಇರುತ್ತದೆ. ಅಲ್ಲಿ 1 ಇದ್ದರೆ ಇದೇ ಸಾಲಕ್ಕೆ 1.77 ಎಂದು ತೋರಿಸುತ್ತದೆ. ಅದು ತಿಂಗಳ ದರ, ನೋಡುವವರಿಗೆ ವರ್ಷದ್ದೆನಿಸುತ್ತದೆ.

ಆದರೆ ನನ್ನ ನಿಜವಾದ ತಕರಾರು ಬೇರೆ. ಕಾಲೇಜಿನಲ್ಲಿ ಇದನ್ನು ಕಲಿಸುವವರು ಈ ಐದು ಗುಂಡಿಗಳ ಟಿವಿಎಂ ವರ್ಕ್‌ಶೀಟಿಗೇ ನಿಲ್ಲುತ್ತಾರೆ. ಪಿಎಂಟಿ ಎಂದರೆ ಪ್ರತಿ ತಿಂಗಳೂ ಒಂದೇ ಮೊತ್ತ. ಸಂಬಳದವರಿಗೆ ಅದು ಸರಿ. ತದಡಿ, ಕಾಸರಕೋಡು, ಮಾವಿನಕುರ್ವೆಯ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಕಡಲಿಗಿಳಿಯದ ಬೋಟು ಕಂತು ಎಲ್ಲಿಂದ ತಂದೀತು? ಇವರಿಗೆ ಬೇಕಾದದ್ದು ಅದೇ ಯಂತ್ರದ ಸಿಎಫ್, ಅಂದರೆ ಹಣದ ಹರಿವಿನ ವರ್ಕ್‌ಶೀಟ್. ಆಗಸ್ಟಿನಲ್ಲಿ ಕಂತು ಶುರುವಾದರೆ ಸಿ01ರಲ್ಲಿ ಕಂತು, ಅದು ಎಷ್ಟು ತಿಂಗಳೆಂದು ಎಫ್01ರಲ್ಲಿ 10. ಸಿ02ರಲ್ಲಿ ಸೊನ್ನೆ, ಎಫ್02ರಲ್ಲಿ 2. ಹೀಗೆ 24 ಸಾಲುಗಳಿಗೆ ಜಾಗವಿದೆ, ಎಂದರೆ ಹನ್ನೆರಡು ವರ್ಷದ ಸಾಲ ಕೂರುತ್ತದೆ. ಬಡ್ಡಿದರ ತೋರಿಸುವ ಐಆರ್‌ಆರ್ ಗುಂಡಿ ಕೊಡುವುದು ತಿಂಗಳ ದರ, ಹನ್ನೆರಡರಿಂದ ನಾವೇ ಗುಣಿಸಬೇಕು. ಮಳೆಗಾಲದ ಬಿಡುವು ಕೊಟ್ಟರೆ ಕಂತು ಎಷ್ಟು ಏರಬೇಕೆಂದು ಬೇರೆಬೇರೆ ಮೊತ್ತ ಹಾಕಿ ನೋಡಿ, ಬ್ಯಾಂಕಿನ ಮೇಜಿನ ಮುಂದೆ ಕೂತು ಕೇಳಬಹುದು.

2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಹೊಸ ಚಿಲ್ಲರೆ ಸಾಲಗಳಿಗೆ ಶುಲ್ಕವೂ ಸೇರಿದ ವಾರ್ಷಿಕ ದರವನ್ನು ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಪತ್ತಿನ ಸಹಕಾರಿ ಸಂಘಗಳು ಅದರ ಹಿಡಿತದಲ್ಲಿಲ್ಲ. ಅಲ್ಲಿ ಲೆಕ್ಕ ಸಾಲಗಾರನೇ ಹಾಕಬೇಕು. ಕರಾವಳಿಯ ವಾಣಿಜ್ಯ ಉಪನ್ಯಾಸಕರಲ್ಲಿ ನನ್ನ ಕೋರಿಕೆ: ಟಿವಿಎಂ ಮುಗಿದ ಮರುದಿನವೇ ಸಿಎಫ್ ವರ್ಕ್‌ಶೀಟ್ ಕಲಿಸಿ, ಉದಾಹರಣೆಗೆ ಬೋಟಿನ ಸಾಲವನ್ನೇ ತೆಗೆದುಕೊಳ್ಳಿ.