ಲ್ಯಾಂಬೆತ್ ಚತುಃಸೂತ್ರಗಳೂ ಸಭೈಕ್ಯದ ಸಮಸ್ಯೆಯೂ

ಒಡೆದುಹೋದ ಕ್ರೈಸ್ತ ಸಭೆಗಳ ಪುನರೈಕ್ಯಕ್ಕೆ ಆಧಾರವಾಗಿ ಆಂಗ್ಲಿಕನ್ ಬಿಷಪರು 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ನಾಲ್ಕು ಸೂತ್ರಗಳನ್ನು ಅಂಗೀಕರಿಸಿದರು. ಸತ್ಯವೇದ, ಪುರಾತನ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ ಪ್ರಭುಭೋಜನಗಳೆಂಬ ಎರಡು ಸಂಸ್ಕಾರಗಳು, ಐತಿಹಾಸಿಕ ಬಿಷಪ್ ಪದವಿ—ಇವೇ ಆ ನಾಲ್ಕು. 1886ರಲ್ಲಿ ಅಮೆರಿಕದ ಎಪಿಸ್ಕೋಪಲ್ ಬಿಷಪರು ಶಿಕಾಗೋದಲ್ಲಿ ಒಪ್ಪಿದ್ದ ನಿರ್ಣಯವೇ ಇವಕ್ಕೆ ಮೂಲ. ಈ ಸೂತ್ರಗಳ ಔದಾರ್ಯವನ್ನು ಕೊಂಡಾಡುವುದು ವಾಡಿಕೆ. ಆದರೆ ಅವುಗಳ ಬೆಲೆಯನ್ನು ಆಚರಣೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಚರಿತ್ರಕಾರನ ಕರ್ತವ್ಯ.

ತೊಡಕು ಮುಖ್ಯವಾಗಿ ನಾಲ್ಕನೆಯ ಸೂತ್ರದಲ್ಲಿದೆ. ಬಿಷಪ್ ಪದವಿಯನ್ನು ಆಯಾ ಜನಾಂಗದ ಅಗತ್ಯಕ್ಕೆ ತಕ್ಕಂತೆ ಅಳವಡಿಸಿಕೊಳ್ಳಬಹುದೆಂದು ಅದು ಹೇಳುತ್ತದೆ. ಆ ಪದವಿ ಸಭೆಯ ಅಸ್ತಿತ್ವಕ್ಕೇ ಅವಶ್ಯವೋ, ಅದರ ಹಿತಕ್ಕೆ ಮಾತ್ರವೋ ಎಂಬುದನ್ನು ಹೇಳುವುದಿಲ್ಲ. ಈ ಮೌನ ಅಜ್ಞಾನದಿಂದ ಬಂದುದಲ್ಲ. ಈ ವಿಷಯದಲ್ಲಿ ಆಂಗ್ಲಿಕನ್ನರೊಳಗೇ ಎರಡು ಪಕ್ಷಗಳಿದ್ದುವು.

ದಕ್ಷಿಣ ಭಾರತದ ಕ್ರೈಸ್ತರು ಈ ಮೌನವನ್ನೇ ಕಾರ್ಯಸಾಧನೆಗೆ ಬಳಸಿಕೊಂಡರು. 1919ರಲ್ಲಿ ಟ್ರಾಂಕ್ವಿಬಾರಿನಲ್ಲಿ ಬಿಷಪ್ ಅಜರಯ್ಯ ಮೊದಲಾದವರು, ತಮ್ಮ ಭೇದಗಳು ತಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದುವೆಂದು ಸಾರಿದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದಲೇ ಆಗತಕ್ಕದ್ದು. ಆದರೆ ಈಗಾಗಲೇ ಸೇವೆಯಲ್ಲಿರುವ ಸಭಾಪಾಲಕರಿಗೆ ಮರುದೀಕ್ಷೆ ಬೇಡ ಎಂಬುದು ಒಪ್ಪಂದದ ತಿರುಳು. ಬಿಷಪ್ ಪದವಿಯ ಬಗ್ಗೆ ಯಾವುದೇ ಒಂದು ವ್ಯಾಖ್ಯಾನವನ್ನು ಕಡ್ಡಾಯ ಮಾಡಲಿಲ್ಲ. ಹೀಗಿದ್ದರೂ ನಂದ್ಯಾಲದ ಆಂಗ್ಲಿಕನ್ನರು ಅನೇಕರು ಹೊರಗುಳಿದರು.

ಇಂಗ್ಲೆಂಡಿನ ಪ್ರತಿಕ್ರಿಯೆ ವಿಚಾರಾರ್ಹವಾದುದು. 1948ರ ಲ್ಯಾಂಬೆತ್ ಸಮ್ಮೇಳನ ಹೊಸ ಸಭೆಯೊಡನೆ ಪೂರ್ಣ ಸಹಭಾಗಿತ್ವಕ್ಕೆ ಒಪ್ಪಲಿಲ್ಲ. 1955ರಲ್ಲಿ ಕ್ಯಾಂಟರ್ಬರಿ, ಯಾರ್ಕ್ ಪ್ರಾಂತಗಳ ಧರ್ಮಸಭೆಗಳು ಒಪ್ಪಿದ್ದೂ ಮಿತಸಂಬಂಧಕ್ಕೆ ಮಾತ್ರ. ಆಹ್ವಾನವಿತ್ತ ಮನೆಯೇ ಬಂದ ಅತಿಥಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿತು. ಆದರೂ ವಿರೋಧಿಸಿದವರ ಭಯವನ್ನು ಕ್ಷುಲ್ಲಕವೆನ್ನುವುದು ನ್ಯಾಯವಲ್ಲ. 1896ರಲ್ಲಿ ಹದಿಮೂರನೆಯ ಲಿಯೋ ಪೋಪರು ಆಂಗ್ಲಿಕನ್ ದೀಕ್ಷೆಗಳನ್ನು ಅಸಿಂಧುವೆಂದು ಘೋಷಿಸಿದ್ದರು. ರೋಮಿನೊಡನೆ ಒಂದಾಗುವ ಆಸೆಯಿದ್ದವರಿಗೆ, ದೀಕ್ಷೆಯಲ್ಲಿ ತೋರಿದ ಸಡಿಲಿಕೆ ಆ ಬಾಗಿಲನ್ನು ಮುಚ್ಚಿದಂತೆಯೇ ಕಂಡಿರಬೇಕು. ಐಕ್ಯವೆಂಬುದು ಯಾರೊಡನೆ ಎಂಬ ಪ್ರಶ್ನೆಯನ್ನು ಸೂತ್ರಗಳು ಬಗೆಹರಿಸಿರಲಿಲ್ಲ.

ತರುವಾಯದ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1970ರ ಉತ್ತರ ಭಾರತ ಸಭೆ, ಆರಂಭದಲ್ಲೇ ಹಸ್ತನಿಕ್ಷೇಪದ ಮೂಲಕ ಎಲ್ಲ ಸಭಾಪಾಲಕ ವರ್ಗಗಳನ್ನೂ ಏಕೀಕರಿಸಿ ತೊಡಕನ್ನು ದಾಟಿತು. ಇಂಗ್ಲೆಂಡಿನಲ್ಲಾದರೋ ಆಂಗ್ಲಿಕನ್–ಮೆಥಡಿಸ್ಟ್ ಐಕ್ಯಯೋಜನೆ 1969ರಲ್ಲೂ 1972ರಲ್ಲೂ ಆಂಗ್ಲಿಕನ್ ಸಭೆಯಲ್ಲಿ ಬೇಕಾದಷ್ಟು ಬಹುಮತ ದೊರೆಯದೆ ಬಿದ್ದುಹೋಯಿತು. ಸೂತ್ರಗಳು ಎರಡೆಡೆಯೂ ಅವೇ. ವ್ಯತ್ಯಾಸವಿದ್ದುದು ಭೇದಗಳನ್ನು ತಮ್ಮ ಪಿತ್ರಾರ್ಜಿತವೆಂದು ಭಾವಿಸಿದವರಿಗೂ ಪರರಿಂದ ಬಂದ ಹೊರೆಯೆಂದು ಭಾವಿಸಿದವರಿಗೂ ನಡುವೆ. ಚತುಃಸೂತ್ರಗಳು ಮಾತುಕತೆಗೆ ಎಡೆಮಾಡಿಕೊಟ್ಟುವು. ಐಕ್ಯವನ್ನು ಸಾಧಿಸಿದ್ದು ಆ ಹೊರೆಯನ್ನು ಇಳಿಸಲು ಸಿದ್ಧರಾದ ಜನ.