ಎರಡನೇ ಸರ್ವ್‌ನ ಭಯ

2001ರ ವಿಂಬಲ್ಡನ್ ಪುರುಷರ ಸಿಂಗಲ್ಸ್ ಎಂದೊಡನೆ ಎಲ್ಲರೂ ಹೇಳುವುದು ಒಂದೇ ಕತೆ. 1992, 1994, 1998ರಲ್ಲಿ ಫೈನಲ್ ತನಕ ಬಂದು ಸೋತಿದ್ದ ಕ್ರೊಯೇಷ್ಯಾದ ಗೊರಾನ್ ಇವಾನಿಸೆವಿಚ್, ಭುಜದ ನೋವಿನಲ್ಲಿ 125ನೇ ರ‍್ಯಾಂಕಿಗೆ ಜಾರಿದ್ದವನು, ವೈಲ್ಡ್ ಕಾರ್ಡ್‌ನಲ್ಲಿ ಒಳಬಂದು ಕಪ್ ಗೆದ್ದ. ಕತೆ ನಿಜ, ಕೇಳಿದಷ್ಟು ಸಲವೂ ಖುಷಿ ಕೊಡುತ್ತದೆ. ಆದರೆ ಆ ಟೂರ್ನಿಯ ಬೆಲೆ ಕಟ್ಟಲು ಅದಿಷ್ಟೇ ಸಾಲದು. ಆಟವನ್ನೇ ಕೊಲ್ಲುತ್ತಿದೆ ಎಂದು ದಶಕವಿಡೀ ಬೈಸಿಕೊಂಡಿದ್ದ ಸರ್ವ್ ಎಂಬ ಹೊಡೆತ ಎಷ್ಟು ಅಳ್ಳೆದೆಯದು ಎಂಬುದು ಅಲ್ಲಿ ಬಯಲಾಯಿತು. ಆ ಟೂರ್ನಿ ನನಗೆ ದೊಡ್ಡದಾಗಿ ಕಾಣುವುದು ಇದಕ್ಕಾಗಿ.

ಬೈಗುಳಕ್ಕೆ ಕಾರಣವಿತ್ತು. 1994ರ ಫೈನಲ್‌ನಲ್ಲಿ ಪೀಟ್ ಸಾಂಪ್ರಾಸ್ ಇದೇ ಇವಾನಿಸೆವಿಚ್‌ನನ್ನು 7-6, 7-6, 6-0ರಿಂದ ಸೋಲಿಸಿದಾಗ, ನಾಲ್ಕು ಹೊಡೆತ ದಾಟಿದ ಪಾಯಿಂಟ್ ಹುಡುಕುವುದೇ ಕಷ್ಟವಾಗಿತ್ತು. ಸರ್ವ್, ತಪ್ಪಿದರೆ ಇನ್ನೊಂದು ಸರ್ವ್, ಅಷ್ಟೇ. ಹುಲ್ಲಿನಂಕಣದಲ್ಲಿ ಚೆಂಡು ಮೇಲೇಳದೆ ಜಾರಿಹೋಗುತ್ತಿದ್ದುದರಿಂದ ಎದುರಾಳಿಗೆ ರ‍್ಯಾಕೆಟ್ ಎತ್ತಲೂ ಪುರುಸೊತ್ತಿರಲಿಲ್ಲ. ಇದು ಟೆನಿಸ್ಸೇ ಅಲ್ಲ ಎನ್ನುವ ಆವೆಮಣ್ಣಿನ ಆಟಗಾರರು ವಿಂಬಲ್ಡನ್‌ನ ಶ್ರೇಯಾಂಕ ಪದ್ಧತಿಯ ಮೇಲೂ ಸಿಟ್ಟಾಗಿದ್ದರು. ಅವರನ್ನು ಸಮಾಧಾನಪಡಿಸಲೆಂದೇ 2001ರಲ್ಲಿ ಶ್ರೇಯಾಂಕಿತರ ಸಂಖ್ಯೆಯನ್ನು 16ರಿಂದ 32ಕ್ಕೆ ಏರಿಸಲಾಯಿತು. ದೊಡ್ಡ ಹೆಸರುಗಳು ಮೊದಲೆರಡು ಸುತ್ತಿನಲ್ಲಿ ಒಬ್ಬರಿಗೊಬ್ಬರು ಎದುರಾಗದಂತೆ ಕಟ್ಟಿದ ಬೇಲಿ ಅದು. ಆ ಬೇಲಿಯೊಳಗೆ ಶ್ರೇಯಾಂಕವೇ ಇಲ್ಲದವನೊಬ್ಬ ನುಗ್ಗಿ ಮೋಯಾ, ರಾಡಿಕ್, ರುಸೆಡ್‌ಸ್ಕಿ, ಸಫಿನ್ ಒಬ್ಬೊಬ್ಬರನ್ನೇ ದಾಟಿಹೋದ.

ವೈಲ್ಡ್ ಕಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆತಿಥೇಯ ದೇಶದ ಹುಡುಗರಿಗೆ ಹಂಚುವ ಉಡುಗೊರೆಯಾಗಿ ಅದು ಬಹುತೇಕ ಕಡೆ ದುರ್ಬಳಕೆಯಾಗುತ್ತದೆ. ಅರ್ಹತಾ ಸುತ್ತಿನಲ್ಲಿ ಬೆವರು ಸುರಿಸುವವನಿಗೆ ಅದು ಅನ್ಯಾಯವೇ. ಇವಾನಿಸೆವಿಚ್ ಅದೇ ವರ್ಷ ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತಿನಲ್ಲೇ ಸೋತಿದ್ದ. ಹಿಂದಿನ ನವೆಂಬರ್‌ನಲ್ಲಿ ಬ್ರೈಟನ್‌ನಲ್ಲಿ ತಂದಿದ್ದ ರ‍್ಯಾಕೆಟ್‌ಗಳನ್ನೆಲ್ಲ ಮುರಿದು, ಆಡಲು ಒಂದೂ ಉಳಿಯದೆ ಪಂದ್ಯ ಬಿಟ್ಟುಕೊಟ್ಟಿದ್ದ. ಲೆಕ್ಕದ ಪ್ರಕಾರ ಅವನಿಗೆ ಜಾಗವಿರಲಿಲ್ಲ. ಆದರೂ ಆಲ್ ಇಂಗ್ಲೆಂಡ್ ಕ್ಲಬ್ ಕೊಟ್ಟದ್ದು ಸರಿ. ಆ ಹುಲ್ಲಿನ ಮೇಲೆ ಮೂರು ಫೈನಲ್ ಆಡಿದವನ ಯೋಗ್ಯತೆಯನ್ನು ಹನ್ನೆರಡು ತಿಂಗಳ ರ‍್ಯಾಂಕಿಂಗ್ ಹೇಳಲಾರದು. ಅಂಥ ಕಡೆ ಮನುಷ್ಯರ ವಿವೇಚನೆಗೆ ಒಂದಿಷ್ಟು ಎಡೆಯಿರಬೇಕು.

ಆಯೋಜಕರು ಸೋತದ್ದು ಮಳೆಯ ಮುಂದೆ. ಸೆಂಟರ್ ಕೋರ್ಟ್‌ಗೆ ಆಗ ಛಾವಣಿಯಿರಲಿಲ್ಲ, ಅದು ಬಂದದ್ದು 2009ರಲ್ಲಿ. ಟಿಮ್ ಹೆನ್ಮನ್ ವಿರುದ್ಧದ ಸೆಮಿಫೈನಲ್ ಶುಕ್ರವಾರ ಶುರುವಾಗಿ ಭಾನುವಾರ ಮುಗಿಯಿತು. ಮೂರನೇ ಸೆಟ್ಟನ್ನು ಹೆನ್ಮನ್ 6-0ರಿಂದ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಸಿದ್ದ. ಇವಾನಿಸೆವಿಚ್ ಕೈಚೆಲ್ಲಿದಂತೆ ಕಾಣುತ್ತಿದ್ದ. ನಾಲ್ಕನೆಯದರ ಆರಂಭದಲ್ಲೇ ಮಳೆ ಬಂತು. ಮರುದಿನ ಬೇರೆಯೇ ಮನುಷ್ಯ ಅಂಕಣಕ್ಕಿಳಿದ. ಟೈಬ್ರೇಕರ್ 7-5ರಿಂದ ಅವನದಾಯಿತು, ಭಾನುವಾರ ಪಂದ್ಯವೂ. ಹೆನ್ಮನ್ ಅಭಿಮಾನಿಗಳ ದುಃಖದಲ್ಲಿ ನ್ಯಾಯವಿದೆ. ಐದು ಸೆಟ್‌ಗಳ ಪಂದ್ಯವೆಂದರೆ ಒಬ್ಬನ ಕುಸಿತವನ್ನು ಇನ್ನೊಬ್ಬ ಕೊನೆಮುಟ್ಟಿಸಲು ಸಿಗುವ ಅವಕಾಶ. ಅದನ್ನು ಮೂರು ದಿನಕ್ಕೆ ತುಂಡರಿಸಿದರೆ ಅದು ಮೂರು ಸಣ್ಣ ಪಂದ್ಯಗಳಾಗಿಬಿಡುತ್ತದೆ. ಈ ಒಂದು ಕಾರಣಕ್ಕೆ ಆ ಟೂರ್ನಿಗೆ ಪೂರ್ತಿ ಅಂಕ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಲೆಗಾರಿಕೆಯ ದೃಷ್ಟಿಯಿಂದ ಆ ವರ್ಷದ ಅತ್ಯುತ್ತಮ ಪಂದ್ಯ ಫೈನಲ್ ಅಲ್ಲ. ನಾಲ್ಕನೇ ಸುತ್ತಿನಲ್ಲಿ 19ರ ರೋಜರ್ ಫೆಡರರ್, ವಿಂಬಲ್ಡನ್‌ನಲ್ಲಿ ಸತತ 31 ಪಂದ್ಯ ಗೆದ್ದಿದ್ದ ಸಾಂಪ್ರಾಸ್‌ನನ್ನು ಐದು ಸೆಟ್‌ಗಳಲ್ಲಿ ಮಣಿಸಿದ್ದು. ಇಬ್ಬರೂ ಸರ್ವ್ ಮಾಡಿ ನೆಟ್‌ಗೆ ಧಾವಿಸುವವರೇ. ಸಾಂಪ್ರಾಸ್‌ನ ಆಟ ಅಲ್ಲಿ ಅವನಿಗೇ ಎದುರು ನಿಂತಿತ್ತು. ಆದರೂ ನೆನಪಿನಲ್ಲಿ ಉಳಿದದ್ದು ಸೋಮವಾರ, ಜುಲೈ 9ರಂದು ನಡೆದ ಫೈನಲ್. ಆ ದಿನ ಸರದಿಯಲ್ಲಿ ನಿಂತು ಟಿಕೆಟ್ ಪಡೆದ ಕ್ರೊಯೇಷ್ಯನ್ನರು, ಆಸ್ಟ್ರೇಲಿಯನ್ನರು ಸೆಂಟರ್ ಕೋರ್ಟ್ ತುಂಬಿದ್ದರು. ಆ ಗದ್ದಲ ಅಲ್ಲಿ ಹಿಂದೆಂದೂ ಇರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ಕೊನೆಯ ಗೇಮ್. ಐದನೇ ಸೆಟ್‌ನಲ್ಲಿ 8-7, ಸರ್ವ್ ಇವಾನಿಸೆವಿಚ್‌ನದು. ಟೂರ್ನಿಯಲ್ಲಿ ಇನ್ನೂರಕ್ಕೂ ಹೆಚ್ಚು ಏಸ್ ಹೊಡೆದಿದ್ದ ಎಡಗೈ. ಮೊದಲ ಚಾಂಪಿಯನ್‌ಷಿಪ್ ಪಾಯಿಂಟ್: ಡಬಲ್ ಫಾಲ್ಟ್. ಎರಡನೆಯದು: ಮತ್ತೆ ಡಬಲ್ ಫಾಲ್ಟ್. ಗೆದ್ದ ಪಾಯಿಂಟಿನ ಚೆಂಡನ್ನೇ ಮತ್ತೆ ಕೇಳಿ ಪಡೆಯುತ್ತಾನೆ, ಅದಕ್ಕೆ ಮುತ್ತಿಡುತ್ತಾನೆ, ಕೈ ಜೋಡಿಸಿ ಆಕಾಶ ನೋಡುತ್ತಾನೆ. ಟೆನಿಸ್‌ನ ಉಳಿದೆಲ್ಲ ಹೊಡೆತಗಳೂ ಎದುರಾಳಿಯ ಚೆಂಡಿಗೆ ಕೊಡುವ ಉತ್ತರ. ಓಟದಲ್ಲಿ, ಅವಸರದಲ್ಲಿ ಕೈ ತಾನಾಗಿ ಆಡುತ್ತದೆ. ಸರ್ವ್ ಹಾಗಲ್ಲ. ಚೆಂಡು ನಿಮ್ಮ ಕೈಯಲ್ಲೇ ಇದೆ, ಯಾವಾಗ ಎಸೆಯಬೇಕೆಂಬುದೂ ನಿಮ್ಮದೇ ತೀರ್ಮಾನ, ಅಷ್ಟು ಹೊತ್ತೂ ಮನಸ್ಸಿಗೆ ಯೋಚಿಸಲು ಬಿಡುವಿದೆ. ಯಂತ್ರದಂಥದ್ದು ಎಂದು ವಿಮರ್ಶಕರು ಜರೆದ ಆ ಸರ್ವ್ ಆ ಗೇಮ್‌ನಲ್ಲಿ ನಡುಗಿದ್ದು ಎಲ್ಲರಿಗೂ ಕಾಣಿಸಿತು. ಮೂರನೇ ಪಾಯಿಂಟಿನಲ್ಲಿ ಸರ್ವ್ ಬಿದ್ದಿತು, ಆದರೆ ಎದುರಾಳಿ, ಆಸ್ಟ್ರೇಲಿಯಾದ ಪ್ಯಾಟ್ ರಾಫ್ಟರ್, ಅವನ ತಲೆಯ ಮೇಲಿಂದ ಲಾಬ್ ಎತ್ತಿ ತಪ್ಪಿಸಿಕೊಂಡ. ನಾಲ್ಕನೆಯದರಲ್ಲಿ ಮತ್ತೆ ಎರಡನೇ ಸರ್ವ್. ಈ ಸಲ ಚೆಂಡು ಗೆರೆಯೊಳಗೆ ಬಿತ್ತು, ರಾಫ್ಟರ್‌ನ ಫೋರ್‌ಹ್ಯಾಂಡ್ ನೆಟ್‌ಗೆ ಬಡಿಯಿತು. 6-3, 3-6, 6-3, 2-6, 9-7.

ಇದಾದ ಮೇಲೆ ಈ ಬಗೆಯ ಆಟವೇ ಕಣ್ಮರೆಯಾಗತೊಡಗಿತು. ಪೂರ್ತಿ ರೈ ಹುಲ್ಲಿನ ಗಟ್ಟಿ ಅಂಕಣದಲ್ಲಿ ಚೆಂಡು ಎತ್ತರಕ್ಕೆ ಪುಟಿಯತೊಡಗಿತು, ರ‍್ಯಾಕೆಟ್‌ನ ತಂತಿಗಳು ಬದಲಾದವು. ಮರುವರ್ಷದ ಫೈನಲ್‌ನಲ್ಲಿ ಹೆವಿಟ್, ನಲಬಾಂಡಿಯನ್ ಇಬ್ಬರೂ ಬೇಸ್‌ಲೈನಿನವರು. ನಂತರದ ವರ್ಷಗಳಲ್ಲಿ ಅಲ್ಲಿ ಇನ್ನೂ ದೊಡ್ಡ ಟೆನಿಸ್ ನಡೆದಿದೆ. 2008ರ ನಡಾಲ್–ಫೆಡರರ್ ಫೈನಲ್‌ನ ಮಟ್ಟಕ್ಕೆ 2001 ಏರಲಾರದು. ಆದರೆ ಎಲ್ಲ ಅಂಕಣಗಳೂ ಒಂದೇ ಬಗೆಯ ಆಟ ಬೇಡುವಂತಾದದ್ದು ನಷ್ಟವೇ, ಅದನ್ನು ಪ್ರಗತಿ ಎನ್ನಲು ನಾನು ತಯಾರಿಲ್ಲ.

ಈ ಟೂರ್ನಿಯ ಬಗ್ಗೆ ಬರೆದವರು ಅನ್ಯಾಯ ಮಾಡಿದ್ದು ರಾಫ್ಟರ್‌ಗೆ. ಹಿಂದಿನ ವರ್ಷವೂ ಫೈನಲ್‌ನಲ್ಲಿ ಸಾಂಪ್ರಾಸ್‌ಗೆ ಸೋತಿದ್ದವನು ಅವನು. ಈ ಬಾರಿ ಸೆಮಿಫೈನಲ್‌ನಲ್ಲಿ ಅಗಾಸಿಯನ್ನು ಐದನೇ ಸೆಟ್‌ನಲ್ಲಿ 8-6ರಿಂದ ಸೋಲಿಸಿ ಬಂದಿದ್ದ. ಅವನ ಸರ್ವ್‌ಗೆ ಇವಾನಿಸೆವಿಚ್‌ನ ವೇಗವಿರಲಿಲ್ಲ. ಎದುರಾಳಿಯ ಭುಜದೆತ್ತರಕ್ಕೆ ಪುಟಿಯುವ ಕಿಕ್ ಸರ್ವ್ ಹಾಕಿ, ಅದರ ಹಿಂದೆಯೇ ಓಡಿ ಬಂದು, ಕಾಲ ಬಳಿಯ ಚೆಂಡನ್ನು ಬಾಗಿ ಎತ್ತಿ ವಾಲಿ ಮಾಡುವುದು ಅವನ ದಾರಿ. ಇವಾನಿಸೆವಿಚ್‌ನ ಕೈಯಲ್ಲಿ ನಡುಕ ಹುಟ್ಟಿಸಿದ್ದು ಬರೀ ಕಪ್‌ನ ಆಸೆಯಲ್ಲ. ನೆಟ್‌ನ ಆಚೆ, ಸೋಲಿನ ಒಂದು ಪಾಯಿಂಟ್ ದೂರದಲ್ಲಿ ನಿಂತೂ ಲಾಬ್ ಎತ್ತುವ ಧೈರ್ಯವಿದ್ದವನೊಬ್ಬ ಕಾಯುತ್ತಿದ್ದ. ಅವನು ಮತ್ತೆ ವಿಂಬಲ್ಡನ್ ಸಿಂಗಲ್ಸ್ ಆಡಲಿಲ್ಲ.