ಸೋಮವಾರದ ನೀಲಿ ಮಾತ್ರೆ

ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ವರದಿಗಾರಿಕೆ ಕಲಿಸಲು ಹೊರಟವರು ಸಾಮಾನ್ಯವಾಗಿ ಚಂದ್ರಯಾನದಿಂದ ಶುರು ಮಾಡುತ್ತಾರೆ. ನನಗದು ರುಚಿಸುವುದಿಲ್ಲ. ಇಸ್ರೊ ಪ್ರಕಟಣೆಯನ್ನು ದುಂಡಗೆ ನಕಲು ಮಾಡಿದ ಗೋಡೆ ಪತ್ರಿಕೆಯಲ್ಲಿ ಅಕ್ಷರ ಚೆಂದವಿರುತ್ತದೆ, ವರದಿ ಇರುವುದಿಲ್ಲ. ಬರೆದವರು ಯಾರನ್ನೂ ಏನನ್ನೂ ಕೇಳಿರುವುದೇ ಇಲ್ಲವಲ್ಲ! ಸರ್ಕಾರಿ ಶಾಲೆಯ ಮಕ್ಕಳ ಅಂಗೈಗೇ ವಾರಕ್ಕೊಮ್ಮೆ ಸುದ್ದಿ ಬಂದು ಬೀಳುತ್ತದೆ: ಬಿಸಿಯೂಟ ಆದಮೇಲೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ.

ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಇಷ್ಟು ಬರೆದರೆ ಅದು ಡಬ್ಬಿಯ ಮೇಲಿನ ಚೀಟಿಯಾಯಿತು, ಅಷ್ಟೆ. ಮಾತ್ರೆ ನುಂಗಿದ ಮೇಲೆ ಮಲ ಕಪ್ಪಾಗುವುದುಂಟು. ಮೊದಲೇ ಯಾರೂ ಹೇಳದಿದ್ದರೆ ಹೆದರಿದ ಹುಡುಗಿ ಮುಂದಿನ ವಾರದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾಳೆ. ಅದು ರಕ್ತವಲ್ಲ, ಕರುಳು ಹೀರಿಕೊಳ್ಳದೆ ಬಿಟ್ಟ ಕಬ್ಬಿಣ ಎಂದು ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಬರೆದ ಎಂಟು ಸಾಲು ನನ್ನ ಲೆಕ್ಕದಲ್ಲಿ ಮೊದಲ ದರ್ಜೆಯ ವರದಿ. ಖಾಲಿ ಹೊಟ್ಟೆಯಲ್ಲಿ ಏಕೆ ಬೇಡ, ಊಟದ ಬೆನ್ನಿಗೇ ಚಹಾ ಕುಡಿದರೆ ಏನಾಗುತ್ತದೆ, ನಿಂಬೆಹುಳಿ ಏಕೆ ಒಳ್ಳೆಯದು? ಕೇಳುತ್ತ ಹೋದರೆ ಒಂದು ಪುಟಕ್ಕಾಗುವಷ್ಟು ಸಿಗುತ್ತದೆ. ‘ಅದು ಹುಡುಗಿಯರ ಮಾತ್ರೆ’ ಎಂದು ಮೂಗು ಮುರಿಯುವ ಹುಡುಗರಿಗೆ ಅಂಕಿಯನ್ನೇ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ; ಹುಡುಗರಲ್ಲಿ 31 ಮಂದಿಗೆ.

ಅಂಕಿ ಬಂದ ಕೂಡಲೇ ಕಲಿಸಬೇಕಾದ ಪ್ರಶ್ನೆ ಒಂದೇ: ಎಷ್ಟು ಜನರಲ್ಲಿ ಎಷ್ಟು ಜನಕ್ಕೆ? ಇದನ್ನು ಹೇಳುವಾಗ ನಾನು 1995ರ ಬ್ರಿಟನ್ನಿನ ಕಥೆ ಎತ್ತುತ್ತೇನೆ. ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಸುಳ್ಳೇನಲ್ಲ. ಆದರೆ 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ಅಪಾಯ ಇಬ್ಬರಿಗಾಗಿತ್ತು. ‘ಇಮ್ಮಡಿ’ಯಷ್ಟೇ ಸುದ್ದಿಯಾಗಿ, ಬೆದರಿದ ಎಷ್ಟೋ ಮಂದಿ ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಿಗೆ ಆದವೆಂಬ ಅಂದಾಜಿದೆ. ನಮ್ಮ ಶಾಲೆಗಳಲ್ಲೂ ‘ಮಾತ್ರೆ ನುಂಗಿ ಮಕ್ಕಳು ಅಸ್ವಸ್ಥ’ ಎಂಬ ಸುದ್ದಿ ಬಂದಾಗ ನುಂಗಿದವರೆಷ್ಟು, ವಾಂತಿ ಮಾಡಿದವರೆಷ್ಟು, ಊಟ ಮಾಡಿದ್ದರೇ ಎಂದು ಹತ್ತನೇ ತರಗತಿಯವರು ಕೇಳಬಲ್ಲರು. ದೊಡ್ಡವರ ಪತ್ರಿಕೆಗಳು ಎಷ್ಟೋ ಸಲ ಕೇಳುವುದಿಲ್ಲ, ಆ ಮಾತು ಬೇರೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಪಕ್ಕದ ಬೆಂಚಿನವಳ ಹಿಮೋಗ್ಲೋಬಿನ್ ಎಷ್ಟೆಂಬುದು ಸುದ್ದಿಯಲ್ಲ. ಹೆಸರು ಬಿಟ್ಟರೂ ನಲವತ್ತು ಮಕ್ಕಳ ತರಗತಿಯಲ್ಲಿ ಅದು ಯಾರದೆಂದು ಗೊತ್ತಾಗಿಯೇ ಆಗುತ್ತದೆ.

ವಿಜ್ಞಾನದ ಮೇಷ್ಟ್ರುಗಳೇ, ಟೀಚರುಗಳೇ, ಮುಂದಿನ ಸೋಮವಾರ ಮಾತ್ರೆ ಹಂಚುವ ಮೊದಲು ಇಬ್ಬರು ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ನೋಡಿ. ಅವರು ಪ್ರಶ್ನೆ ಕೇಳುವುದು ಮೊದಲು ನಿಮ್ಮನ್ನೇ. ಉತ್ತರ ಗೊತ್ತಿಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳಿಸಿ.